ಸಭಾ ಹಿರಿಯನಾಗಲು ಹನ್ನೆರಡು ಜೊತೆ ಕಾಲು

ಇನ್ನು ಮೇಲೆ ಗಂಭೀರವಾಗಿರಬೇಕು ಎಂದು ನಾನು ತೀರ್ಮಾನ ಮಾಡಿದ ದಿನವೇ ಏನಾದರೂ ನಗೆಪಾಟಲು ಆಗುತ್ತದೆ. ಅದರಲ್ಲಿ ನನ್ನ ಕೈವಾಡ ಇರುವುದಿಲ್ಲ. ಇದ್ದರೂ ಅರ್ಧ ಮಾತ್ರ.

ಮೊಬೈಲ್ ಇನ್ನೂ ಬಂದಿರದ ಕಾಲ. ಕಿಬ್ಬನಹಳ್ಳಿ ಕಡೆಯ ನಮ್ಮೂರಲ್ಲಿ ಚರ್ಚು ಇರಲಿಲ್ಲ. ಒಬ್ಬ ಅಜ್ಜಿಯ ಹಜಾರದಲ್ಲೇ ಭಾನುವಾರದ ಆರಾಧನೆ. ಮೇಲೆ ಅಟ್ಟದ ತುಂಬ ಕೊಬ್ಬರಿಗೆ ಹಾಕಿದ ಕಾಯಿ, ಕೆಳಗೆ ನಾವು. ಪಾಸ್ಟರು ತಿಂಗಳಿಗೊಮ್ಮೆ ತುಮಕೂರಿನಿಂದ ಬರುತ್ತಿದ್ದರು. ಉಳಿದ ವಾರ ಆರಾಧನೆ ನಡೆಸಲು ಒಬ್ಬ ಸಭಾ ಹಿರಿಯ ಬೇಕಿತ್ತು. ನಾನು ಕೈ ಎತ್ತಿದೆ. ಆರಾಧನೆ ಹೊತ್ತಲ್ಲಿ ಎಲ್ಲರ ಚಪ್ಪಲಿ ಅದಲು ಬದಲು ಮಾಡಿ ಹೆಸರು ಮಾಡಿದ್ದವನು ನಾನು. ಪಾಸ್ಟರು ಮೇಲಿಂದ ಕೆಳಕ್ಕೆ ನೋಡಿ, "ಈಸ್ಟರ್ ತನಕ ನಡೆಸಿ. ಆಮೇಲೆ ಸಭೆಯೇ ಹೇಳಲಿ" ಎಂದರು.

"ಅಲ್ಲೀತನಕ ಕುಚೇಷ್ಟೆ ಮಾಡ್ದೆ ಇರ್ತೀರೇನ್ರೀ?" ಎಂದಳು ನನ್ನ ಹೆಂಡತಿ. ಅವತ್ತೇ ಹಟ ಹಿಡಿದೆ.

ಮೊದಲ ಪ್ರಾರ್ಥನೆ

ಪಾಸ್ಟರು ಹೇಳಿದ್ದು ಹತ್ತು ನಿಮಿಷ. ಕಣ್ಣು ಮುಚ್ಚಿದೆ. ಊರು, ತಾಲ್ಲೂಕು, ಜಿಲ್ಲೆ ಮುಗಿಸಿ ದೇಶಕ್ಕೆ ಬಂದೆ. ಅರ್ಧ ಸಭೆ ಅಕ್ಕಪಕ್ಕದ ಊರಿನದು; ಹನ್ನೊಂದೂವರೆ ಬಸ್ಸು ತಪ್ಪಿದರೆ ಮತ್ತೆ ಮೂರಕ್ಕೇ. ಹಾರನ್ ಕೇಳಿಸಿತು. ಡ್ರೈವರಿಗೂ ಎರಡು ಮಾತು ಬೇಡಿಕೊಂಡೆ. ಆಮೆನ್ ಎಂದು ಕಣ್ಣು ಬಿಟ್ಟರೆ ಜಮಖಾನ ಖಾಲಿ! ಬಸ್ಸಿಗೆ ಹೋದವರ ಜೊತೆ ಊರವರೂ ಜಾರಿಕೊಂಡಿದ್ದರು. ಅಜ್ಜಿಯೊಬ್ಬಳೇ ಗೋಡೆಗೆ ಒರಗಿ ಕೂತಿದ್ದಾಳೆ.

ಹೋಗಿ ಅವಳ ಕೈ ಹಿಡಿದುಕೊಂಡೆ. "ಅಜ್ಜಿ, ಎಲ್ಲಾ ಬಿಟ್ಟು ಹೋದ್ರೂ ನೀನೊಬ್ಬಳು ಹೋಗ್ಲಿಲ್ಲವಲ್ಲ!"

"ಎಲ್ಲಿಗೆ ಹೋಗ್ಲಿ ಕಣಪ್ಪ? ಇದು ನಮ್ಮನೆ."

ರೋಗಿಯ ಭೇಟಿ

ನಮ್ಮ ಸಭೆಯ ಕಾಯಿ ಕೀಳುವವನೊಬ್ಬ ಮರದಿಂದ ಜಾರಿ, ಕಾಲು ಮುರಿದುಕೊಂಡು ತಿಪಟೂರಿನ ಆಸ್ಪತ್ರೆಯಲ್ಲಿದ್ದ. ನಗದೆ ಇರುವುದನ್ನು ಬಸ್ಸಿನುದ್ದಕ್ಕೂ ಅಭ್ಯಾಸ ಮಾಡಿ, ಬಿಳಿ ಷರಟು ತೊಟ್ಟು, ಬೈಬಲ್ ಎದೆಗೊತ್ತಿಕೊಂಡು ವಾರ್ಡಿಗೆ ಹೋದೆ. ರೋಗಿ ಬಾಳೆಹಣ್ಣು ತಿನ್ನುತ್ತಿದ್ದ. ನನ್ನ ಮುಖ ನೋಡಿದವನೇ ಹಣ್ಣು ಕೆಳಗಿಟ್ಟ. ಅವನ ಹೆಂಡತಿ ಎದ್ದು ನಿಂತಳು.

"ಡಾಕ್ಟ್ರು ನಿಮ್ಮತ್ರ ಏನಂದ್ರು? ಮುಚ್ಚಿಡಬ್ಯಾಡಿ!"

"ಏನೂ ಅಂದಿಲ್ಲ ಕಣಮ್ಮ."

"ಸುಳ್ಳು! ನೀವು ನಗ್ದೆ ಇರೋದನ್ನ ನಾನು ಇವತ್ತೇ ನೋಡ್ತಿರೋದು" ಎಂದು ಅಳತೊಡಗಿದಳು. ಪಕ್ಕದ ಮಂಚದವರೂ ಅತ್ತರು. ಸಮಾಧಾನ ಮಾಡೋಣವೆಂದು ಬೈಬಲ್ ತೆರೆದೆ. ಅಳು ಇನ್ನೂ ಜೋರಾಯಿತು.

ರೋಗಿ ಮೆಲ್ಲಗೆ, "ಒಂದು ಜೋಕು ಹೇಳಣ್ಣ. ಬದುಕ್ತೀನೋ ಇಲ್ವೋ ಗೊತ್ತಾಗ್ಲಿ" ಎಂದ.

ಹೇಳಿದೆ. ಬದುಕಿದ.

ಪವಿತ್ರ ಗುರುವಾರ

ಇದೆಲ್ಲ ಪಾಸ್ಟರ ಕಿವಿಗೆ ಬಿತ್ತು. "ಹಿರಿಯ ಅಂದ್ರೆ ಮಾತಾಡೋನಲ್ಲ, ಬಗ್ಗೋನು. ಯೇಸು ಶಿಷ್ಯರ ಕಾಲು ತೊಳೆದ ಹಾಗೆ, ಈಸ್ಟರಿಗೆ ಮುಂಚಿನ ಗುರುವಾರ ನೀವು ಹನ್ನೆರಡು ಜನರ ಕಾಲು ತೊಳೀರಿ. ಅಲ್ಲೇ ತೀರ್ಮಾನ" ಎಂದರು.

ನಮ್ಮ ಕಡೆಯವರಿಗೆ ಕೊಳೆ ಕಾಲನ್ನು ಇನ್ನೊಬ್ಬರ ಕೈಗೆ ಕೊಡಲು ನಾಚಿಕೆ. ಎಲ್ಲರೂ ಮನೆಯಲ್ಲೇ ತೆಂಗಿನ ನಾರಿನಲ್ಲಿ ತಿಕ್ಕಿ ತೊಳೆದು, ಮೇಲೆ ಎಣ್ಣೆ ಬೇರೆ ಸವರಿಕೊಂಡು ಬಂದಿದ್ದರು. ನೀರು ನಿಲ್ಲದೆ ಜಾರುತ್ತಿತ್ತು. ಹನ್ನೊಂದು ಜನ ಐದೇ ನಿಮಿಷದಲ್ಲಿ ಮುಗಿದರು. ಹಿರಿತನ ಇಷ್ಟು ಸುಲಭವೇ ಎಂದು ಮೀಸೆ ಸವರಿಕೊಂಡೆ.

ಹನ್ನೆರಡನೆಯವಳು ಅಜ್ಜಿ. ತೋಟಕ್ಕೆ ನೀರು ಕಟ್ಟಿ ನೇರ ಬಂದು ಕೂತು, ಒಂದು ಕಾಲು ಚಾಚಿದಳು. ಒಣಗಿ ಬಿರಿದ ಹಳೇ ಕೆಸರು, ಅದರ ಮೇಲೆ ಹೊಸ ಕೆಸರು.

"ಏನಜ್ಜಿ ಇದು!"

"ಹೆಂಗೂ ನೀನು ತೊಳೀತೀಯಲ್ಲ ಅಂತ ಒಂದು ವಾರದಿಂದ ಉಜ್ಜಿಲ್ಲ ಕಣಪ್ಪ."

"ಬೇಕಂತಲೇ?"

"ಮತ್ತೆ? ಈ ಊರಲ್ಲಿ ಕುಚೇಷ್ಟೆ ನಿನ್ನೊಬ್ಬನ ಸೊತ್ತಾ?"

ಸಭೆ ಬಾಯಿಗೆ ಸೆರಗು, ಟವಲು ಹಿಡಿಯಿತು. ನಾನು ಎರಡು ಬಕೆಟ್ ನೀರು, ಒಂದು ಹಿಡಿ ನಾರು ತರಿಸಿ ಮಂಡಿಯೂರಿದೆ. ತಿಕ್ಕಿದೆ. ಜೀವಮಾನದಲ್ಲಿ ಮೊದಲ ಸಲ ಅರ್ಧ ಗಂಟೆ ಮಾತಿಲ್ಲದೆ ಕಳೆದೆ. ಇದಕ್ಕೆ ನನ್ನ ಹೆಂಡತಿಯೇ ಸಾಕ್ಷಿ.

ಪಾಸ್ಟರು ಕೇಳಿದರು: "ಸಭೆ ಏನನ್ನುತ್ತೆ?"

ಎಲ್ಲರೂ ಅಜ್ಜಿಯ ಕಡೆ ತಿರುಗಿದರು. ಅಜ್ಜಿ ಕಾಲನ್ನು ಬೆಳಕಿಗೆ ಹಿಡಿದು, ಬೆರಳ ಸಂದಿಯನ್ನೂ ಬಿಡದೆ ನೋಡಿದಳು.

"ಆಗ್ಲಿ ಬುಡಿ, ಇವನೇ ಹಿರಿಯ."

ನಾನು ಸೊಂಟ ಹಿಡಿದುಕೊಂಡು ಎದ್ದೆ.

"ಕೂತ್ಕೋ ಹಿರಿಯಪ್ಪ" ಎಂದು ಅಜ್ಜಿ ಸೀರೆಯ ಅಡಿಯಿಂದ ಇನ್ನೊಂದು ಕಾಲು ಚಾಚಿದಳು.