ಕಾಕಾರ ಗ್ರಹಸಂಚಾರ

ನಮ್ಮ ಕಾಕಾ ಇಲ್ಲಿಯವರೆಗೆ ಅರವತ್ತೆರಡು ಗ್ರಹಗಳ ಮೇಲೆ ಇಳಿದಿದ್ದಾರೆ. ಆದರೆ ತಮ್ಮ ಸ್ವಂತ ಮನೆಯ ಮಾಳಿಗೆಯನ್ನು ಒಮ್ಮೆಯೂ ಏರಿಲ್ಲ! ಏಣಿಯ ಮೂರನೆಯ ಮೆಟ್ಟಿಲಿಗೇ ಅವರ ತಲೆ ತಿರುಗುತ್ತದೆ. ಮಾಳಿಗೆ ಮೇಲೆ ಹಪ್ಪಳ ಒಣಹಾಕುವುದು, ಮಳೆ ಬಂದರೆ ಓಡಿಹೋಗಿ ಬಾಚಿಕೊಂಡು ಬರುವುದು, ಎಲ್ಲ ಅವರ ಹೆಂಡತಿ, ನಮ್ಮ ಚಿಗವ್ವನ ಕೆಲಸ. ಕಾಕಾ ಕೆಳಗೆ ಏಣಿ ಹಿಡಿದು ನಿಲ್ಲುತ್ತಾರೆ. ಅದೂ ಕಣ್ಣು ಮುಚ್ಚಿಕೊಂಡು. ಇಂಥ ಮನುಷ್ಯ ಬಾಹ್ಯಾಕಾಶ ನೌಕೆ ನಡೆಸುತ್ತಾರೆ ಎಂದರೆ ನೀವು ನಂಬುತ್ತೀರಾ? ನಂಬದಿದ್ದರೆ ಕಮಲಾಪುರಕ್ಕೆ ಬನ್ನಿ. ನೌಕೆ ಅವರ ಮನೆಯ ಪಡಸಾಲೆಯಲ್ಲೇ ಇದೆ, ಜೋಳದ ಚೀಲಗಳ ಪಕ್ಕದಲ್ಲಿ, ಒಂದು ಕಂಪ್ಯೂಟರಿನ ರೂಪದಲ್ಲಿ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದು ಈಗ ನಿವೃತ್ತರಾಗಿದ್ದಾರೆ. ಇವರಿಗೂ ಕಂಪ್ಯೂಟರಿಗೂ ಗಂಟು ಬಿದ್ದದ್ದು ಹೇಗೆ ಅಂದರೆ, ಅವರ ಶಾಲೆಗೆ ಮೊದಲ ಕಂಪ್ಯೂಟರ್ ಬಂದಾಗ ಅದರ ಜವಾಬ್ದಾರಿ ಹೊರಲು ಯಾರೂ ಮುಂದೆ ಬರಲಿಲ್ಲವಂತೆ. ವಿಜ್ಞಾನದ ಮಾಸ್ತರರಿಗೆ ಕರೆಂಟಿನ ಭಯ. ಗಣಿತದ ಮಾಸ್ತರರು ತಮಗೆ ಎಲ್ಲ ಲೆಕ್ಕ ಬಾಯಲ್ಲೇ ಬರುತ್ತದೆ, ಇದೇಕೆ ಬೇಕು ಎಂದರು. ಹೆಡ್‌ಮಾಸ್ತರರು ಯೋಚಿಸಿ, ಇದರೊಳಗೆ ಚಿತ್ರ ಬರುತ್ತದೆ, ಚಿತ್ರ ಅಂದ ಮೇಲೆ ಡ್ರಾಯಿಂಗಿಗೇ ಸೇರಿದ್ದು ಎಂದು ತೀರ್ಪು ಕೊಟ್ಟರು. ಒಂದೇ ತಿಂಗಳಲ್ಲಿ ಆ ಯಂತ್ರ ಕೆಟ್ಟಿತು. ಕಾಕಾ ಅದರ ಡಬ್ಬಿಯನ್ನು ಕೌದಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಕಲಬುರಗಿಯ ಬಸ್ಸಿನಲ್ಲಿ ಕೂತರು. ಪಕ್ಕದ ಸೀಟಿನ ಹೆಣ್ಣುಮಗಳು ಬಹಳ ಹೊತ್ತು ನೋಡಿ ನೋಡಿ, ಕೂಸಿಗೆ ಉಸಿರು ಕಟ್ಟೀತು, ಮುಸುಕು ತೆಗೆಯಿರಿ ಎಂದು ಬೈದಳಂತೆ.

ಆ ಕೂಸನ್ನು ಗುಣಪಡಿಸಿದವರು ಉಸ್ತಾದರು. ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬ ಪೇಟೆಯ ಒಂದು ಓಣಿಯಲ್ಲಿ, ಬಟ್ಟೆ ಅಂಗಡಿ ಮತ್ತು ಪಾತ್ರೆ ಅಂಗಡಿಗಳ ನಡುವೆ ಸಿಕ್ಕಿಕೊಂಡಂತಿರುವ ರಿಪೇರಿ ಅಂಗಡಿ ಅವರದು. ಮನೆ ಅದೇ ಊರಿನ ಮೋಮಿನಪುರದಲ್ಲಿ. ಡಬ್ಬಿ ಬಿಚ್ಚಿ ಒಳಗಿನಿಂದ ಒಂದು ಸತ್ತ ಹಲ್ಲಿ ತೆಗೆದು, ಇಷ್ಟೇ ರೋಗ ಎಂದರು. ಸರಿಯಾಯಿತೋ ಇಲ್ಲವೋ ಪರೀಕ್ಷೆ ಮಾಡಲು ಕಾರಿನ ರೇಸಿನ ಒಂದು ಆಟ ಹಚ್ಚಿದರು. ಪರೀಕ್ಷೆ ಸಂಜೆಯವರೆಗೂ ನಡೆಯಿತು. ಆಮೇಲೆ ಇಪ್ಪತ್ತು ವರ್ಷ ನಡೆಯಿತು!

ಪ್ರತಿ ರವಿವಾರ ಉಸ್ತಾದರು ಕಮಲಾಪುರಕ್ಕೆ ಬರುವರು. ಚಿಗವ್ವನ ಕೈಯ ಜೋಳದ ರೊಟ್ಟಿ, ಬದನೆಯ ಎಣಗಾಯಿ ಉಂಡು ಇಬ್ಬರೂ ಆಟಕ್ಕೆ ಕೂಡುವರು. ಕಾಕಾ ಒಂದು ರೇಸನ್ನೂ ಗೆದ್ದಿಲ್ಲ. ಗೆಲ್ಲುವುದು ಹೇಗೆ? ನಡುದಾರಿಯಲ್ಲಿ ಕಾರು ನಿಲ್ಲಿಸಿ, ಆ ಗುಡ್ಡದ ನೆರಳು ಎಷ್ಟು ಚೆಂದ ಬರೆದಿದ್ದಾರೆ ನೋಡಿ ಎನ್ನುತ್ತಿದ್ದರು. ಉಸ್ತಾದರು ಆಗಲೇ ಗೆದ್ದು, ಚಹಾ ಕುಡಿದು, ಇವರು ಬರುವುದನ್ನೇ ಕಾಯುತ್ತಿದ್ದರು.

ಹೀಗಿರುವಾಗ ಆ ಹೊಸ ಆಟದ ಸುದ್ದಿ ಬಂತು. ಒಂದು ಊರಲ್ಲ, ಒಂದು ದೇಶವಲ್ಲ, ಇಡೀ ನಕ್ಷತ್ರಲೋಕವನ್ನೇ ಕಟ್ಟುತ್ತಿದ್ದೇವೆ, ಎಲ್ಲಿ ಬೇಕಾದರೂ ಇಳಿಯಿರಿ, ಒಂದೊಂದು ಗ್ರಹಕ್ಕೂ ಅದರದೇ ಗಿಡ, ಅದರದೇ ಪ್ರಾಣಿ ಎಂದು ಅದನ್ನು ಮಾಡುವವರು ಸಾರಿದರು. ಮೂರು ತಿಂಗಳಿಗೊಂದು ವಿಡಿಯೋ ಬಿಡುತ್ತಿದ್ದರು. ಕಾಕಾ ಅದನ್ನು ಇಡೀ ಕಮಲಾಪುರಕ್ಕೆ ತೋರಿಸಿದರು. ಚಹಾದ ಹೋಟೆಲಿನಲ್ಲಿ ತೋರಿಸಿದರು, ಕ್ಷೌರಕ್ಕೆ ಹೋದಲ್ಲಿ ತೋರಿಸಿದರು. ಕೆಂಪು ಬಾಳೆ ಬೆಳೆಯುವ ನಮ್ಮ ನೆರೆಯವರು ಎಲ್ಲ ನೋಡಿ, ಅಲ್ಲಿ ನಮ್ಮ ಬಾಳೆ ಬಂದೀತೇ ಎಂದು ಕೇಳಿದರು. ಮಣ್ಣು ನೋಡದೆ ಹೇಳಲಾಗದು ಎಂದು ಕಾಕಾ ಗಂಭೀರವಾಗಿ ಉತ್ತರಿಸಿದರು. ಆಟ ಬರುವ ದಿನ ಎರಡು ಸಲ ಮುಂದೆ ಹೋಯಿತು. ಊರವರು ಚೇಷ್ಟೆ ಮಾಡಿದರೆ ಕಾಕಾರ ಉತ್ತರ ಸಿದ್ಧವಿತ್ತು:

“ಆಕಾಶ ಕಟ್ಟೋದಂದ್ರ ಏನ್ ಕಂಪೌಂಡ್ ಕಟ್ಟಿದಂಗೇನ್ರಿ?”

ಕೊನೆಗೂ ಬಂತು. ಕಾಕಾ ಕಂಪ್ಯೂಟರಿಗೆ ಕುಂಕುಮ ಹಚ್ಚಿ ಕಾಯಿ ಒಡೆದರು. ಆಟ ಇಳಿಸಿಕೊಳ್ಳಲು ಕಮಲಾಪುರದ ಇಂಟರ್ನೆಟ್ಟಿಗೆ ಮೂರು ದಿನ ಹಿಡಿಯಿತು. ಬಂದವರೆಲ್ಲ ತಡವಾದ ರೈಲಿನ ವಿಚಾರ ಕೇಳುವಂತೆ ಎಲ್ಲಿಗೆ ಬಂತು ಎಂದು ಕೇಳುತ್ತಿದ್ದರು. ಕಾಕಾ, ಅರ್ಧ ದಾಟಿದೆ ಎನ್ನುತ್ತಿದ್ದರು. ಮೂರು ದಿನದ ಆ ಆತಂಕದಲ್ಲಿ ಒಡೆದ ಕಾಯಿ ಚಟ್ನಿಯಾಗಿ ಮುಗಿದೂ ಹೋಗಿತ್ತು.

ಮೊದಲ ಗ್ರಹದಲ್ಲಿ ಇಳಿದಾಗ ನಾನೂ ಪಕ್ಕದಲ್ಲಿದ್ದೆ. ಕೆಂಪು ಮಣ್ಣು, ಕಲ್ಲು, ಮತ್ತೆ ಕೆಂಪು ಮಣ್ಣು. ಚಿಗವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು, ಹಿಟ್ಟಿನ ಕೈಯಲ್ಲೇ ಬಂದು ನೋಡಿದಳು. ಇದು ನಮ್ಮ ಹೊಲದ ಬಂಡಿದಾರಿ ಇದ್ದ ಹಾಗಿದೆ, ಇದಕ್ಕೆ ಇಷ್ಟು ವರ್ಷ ಕಾಯಬೇಕಿತ್ತೇ ಎಂದು ಕೇಳಿ ಒಳಗೆ ಹೋದಳು. ಕಾಕಾರಿಗೆ ಅದು ಕೇಳಿಸಲಿಲ್ಲ. ಅವರು ಆಗಲೇ ನಡೆಯಲು ಶುರು ಮಾಡಿದ್ದರು.

ಉಳಿದವರು ಆ ಆಟದಲ್ಲಿ ಲೋಹ ಅಗೆಯುತ್ತಾರೆ, ನೌಕೆ ದೊಡ್ಡದು ಮಾಡಿಕೊಳ್ಳುತ್ತಾರೆ, ಕಳ್ಳರ ಜೊತೆ ಕಾದಾಡುತ್ತಾರೆ. ಕಾಕಾ ಬರೀ ನಡೆಯುತ್ತಾರೆ! ಊಟಕ್ಕೆ ಕರೆದರೆ, ತಡಿ, ಹೊತ್ತು ಮುಳುಗಾಕತ್ತದ ಎನ್ನುತ್ತಾರೆ. ಹೊರಗೆ ಕಮಲಾಪುರದಲ್ಲಿ ಮಟಮಟ ಮಧ್ಯಾಹ್ನ. ಆರು ಕಾಲಿನ ಯಾವುದೋ ಪ್ರಾಣಿ ಎದುರು ಬಂದರೆ ದಾರಿ ಬಿಟ್ಟು ನಿಲ್ಲುತ್ತಾರೆ. ಗ್ರಹ ಬಿಡುವ ಮೊದಲು ಪೆನ್ಸಿಲಿನಲ್ಲಿ ಅದರ ಚಿತ್ರ ಬರೆಯುತ್ತಾರೆ.

ಆದರೆ ಲೋಕವೆಲ್ಲ ನಮ್ಮ ಕಾಕಾರಂತೆ ಇರುತ್ತದೆಯೇ? ಆಟ ಬಂದ ವಾರದೊಳಗೆ ಆಡುವವರು ಎರಡು ಪಕ್ಷವಾದರು. ಹೇಳಿದ್ದರಲ್ಲಿ ಅರ್ಧವೂ ಇಲ್ಲ, ಎಲ್ಲಿ ಹೋದರೂ ಅದೇ ಕಲ್ಲು, ಮೋಸ ಮಾಡಿದರು ಎಂದು ಒಂದು ಪಕ್ಷ. ಇಷ್ಟು ನೆಮ್ಮದಿಯ ಆಟ ಹುಟ್ಟಿಯೇ ಇಲ್ಲ ಎಂದು ಇನ್ನೊಂದು. ದೇಶದೇಶಗಳ ಜನ ನೆಟ್ಟಿನಲ್ಲಿ ಬಡಿದಾಡಿದರು. ಆ ಜಗಳ ಸಮುದ್ರ ದಾಟಿ ಬಂದು ಕಲಬುರಗಿಗೂ ಕಮಲಾಪುರಕ್ಕೂ ನಡುವೆ ಕೂತುಬಿಟ್ಟಿತು. ಯಾಕೆಂದರೆ ಉಸ್ತಾದರು ಮೊದಲನೆಯ ಪಕ್ಷ!

ಆಟದ ಪುಟದಲ್ಲಿ ಆಡಿದವರು ಅಭಿಪ್ರಾಯ ಬರೆಯಲು ಜಾಗವಿದೆ. ಕಾಕಾ ಅಲ್ಲಿ ಶುದ್ಧ ಕನ್ನಡದಲ್ಲಿ ಬರೆದರು: “ಸ್ಥಳ ಬಹಳ ಶಾಂತವಾಗಿದೆ. ಗಾಳಿ ಬೆಳಕು ಚೆನ್ನಾಗಿದೆ. ಕುಟುಂಬ ಸಮೇತ ಬರಬಹುದು.” ಬಾಡಿಗೆ ಮನೆ ನೋಡಿ ಬಂದವರ ಹಾಗೆ! ಅದರ ಕೆಳಗೆ ಉಸ್ತಾದರು ಉತ್ತರ ಹಾಕಿದರು: “ನಂಬಬೇಡಿ. ಇವರು ಡ್ರಾಯಿಂಗ್ ಮಾಸ್ತರರು. ಖಾಲಿ ಹಾಳೆಗೂ ಹತ್ತಕ್ಕೆ ಎಂಟು ಅಂಕ ಕೊಟ್ಟವರು.” ಕನ್ನಡ ಓದಲು ಬಾರದ ಯಾರೋ ಪುಣ್ಯಾತ್ಮರು ಎರಡಕ್ಕೂ ಮೆಚ್ಚುಗೆ ಒತ್ತಿದ್ದರು.

ಓದಿದಾಗ ನನಗೆ ನಗು ತಡೆಯಲಾಗಲಿಲ್ಲ. ಆದರೆ ಕಾಕಾರ ಮುಖ ನೋಡಿ ನಗು ಅಲ್ಲೇ ನಿಂತಿತು. ಖಾಲಿ ಹಾಳೆಯ ಮಾತು ನಿಜವಂತೆ. ತಂದೆ ತೀರಿಕೊಂಡ ವಾರವೇ ಪರೀಕ್ಷೆಗೆ ಬಂದು ಕೂತ ಒಬ್ಬ ಹುಡುಗಿ, ಪೆನ್ಸಿಲ್ ಮುಟ್ಟದೆ ಹಾಳೆ ಒಪ್ಪಿಸಿ ಹೋಗಿದ್ದಳು. ಕಾಕಾ ಅದಕ್ಕೆ ಎಂಟು ಅಂಕ ಹಾಕಿದ್ದರು. ಇಷ್ಟು ವರ್ಷದಲ್ಲಿ ಅದನ್ನು ಒಬ್ಬರಿಗೆ ಮಾತ್ರ ಹೇಳಿದ್ದರು.

“ಆಟಕ್ಕ ಬೈಲಿ, ನನಗ ಬೈಲಿ,” ಎಂದರು ಕಾಕಾ. “ಆ ಹುಡುಗಿ ಹಾಳಿ ಯಾಕ ತರಬೇಕಾಗಿತ್ತವ್ವಾ ನಡುವ?”

ಅಂದಿನಿಂದ ಮಾತು ಬಂದ್. ಫೋನು ಬಂದ್. ನಾನು ಕೆಲಸ ಮಾಡುವ ಔಷಧದ ಅಂಗಡಿ ಸೂಪರ್ ಮಾರ್ಕೆಟ್ಟಿಗೆ ಹತ್ತಿರ, ರಜೆಯ ದಿನ ನಾನು ಕಮಲಾಪುರಕ್ಕೆ ಹೋಗುವುದೂ ಉಂಟು. ಹೀಗಾಗಿ ಎರಡು ರಾಜ್ಯಗಳ ನಡುವೆ ರಾಯಭಾರಿಯ ಕೆಲಸ ನನ್ನ ಕೊರಳಿಗೆ ಬಿತ್ತು. ಕಾಕಾ ಹೇಳಿಕಳಿಸುವರು: ನಲವತ್ತನೆಯ ಗ್ರಹದಲ್ಲಿ ನೀಲಿ ಹುಲ್ಲಿದೆ, ಕಲ್ಲೇ ಕಲ್ಲು ಎಂದವರಿಗೆ ತಿಳಿಸು. ಉಸ್ತಾದರು ಹೇಳಿಕಳಿಸುವರು: ಹುಲ್ಲು ಮೇಯುವವರು ನಾವಲ್ಲ. ಪ್ರತಿ ವರ್ಷ ಉಸ್ತಾದರ ಮನೆಗೆ ಹೋಗುವ ಕೆಂಪು ಬಾಳೆಯ ಗೊನೆಯನ್ನು ಈ ಸಲವೂ ಕಾಕಾ ನನ್ನ ಕೈಯಲ್ಲಿ ಕಳಿಸಿದರು, ಆದರೆ ಆಟದ ಹತ್ತು ಗುಣಗಳನ್ನು ಬರೆದ ಒಂದು ಚೀಟಿಯನ್ನೂ ಅದಕ್ಕೆ ಕಟ್ಟಿದರು. ಉಸ್ತಾದರು ಬಾಳೆಹಣ್ಣು ಇಟ್ಟುಕೊಂಡು ಚೀಟಿ ವಾಪಸು ಮಾಡಿದರು. ಅದರಲ್ಲಿ ಕಾಗುಣಿತದ ಎರಡು ತಪ್ಪುಗಳನ್ನು ತಿದ್ದಿದ್ದರು!

ಐದು ತಿಂಗಳು ಹೀಗೇ ಕಳೆಯಿತು. ಚಿಗವ್ವನಿಗೆ ಬೇಸರ ಬಂತು. ರವಿವಾರ ಎಣಗಾಯಿ ಮಾಡಿದರೆ ನಿಮ್ಮ ಕಾಕಾ ಮುಟ್ಟುವುದೇ ಇಲ್ಲ, ಇಬ್ಬರಿಗೂ ಬುದ್ಧಿ ಹೇಳು ಎಂದು ನನ್ನನ್ನೇ ದೂಡಿದಳು. ನಾನು ಒಂದು ಶನಿವಾರ ಉಸ್ತಾದರ ಅಂಗಡಿಗೆ ಹೋದೆ. ಅವರು ಬೆನ್ನಿಗೆ ಅಗಲವಾದ ಪಟ್ಟಿ ಬಿಗಿದುಕೊಂಡು, ಕುರ್ಚಿಯಲ್ಲಿ ನೆಟ್ಟಗೆ ಕೂತು ಯಾವುದೋ ಮೊಬೈಲಿಗೆ ಬೆಸುಗೆ ಹಾಕುತ್ತಿದ್ದರು. ನಾನು ನೇರವಾಗಿ ಕೇಳಿದೆ. ಒಂದು ಆಟಕ್ಕಾಗಿ ಇಷ್ಟು ಸಿಟ್ಟೇ ಚಾಚಾ?

ಅವರು ಬೆಸುಗೆ ಹಾಕುವುದನ್ನು ನಿಲ್ಲಿಸಿದರು. ರವಿವಾರ ರಜೆ ಸಿಗುವುದೇ ಅಪರೂಪವಾದ ನನಗೆ ಗೊತ್ತಿಲ್ಲದ ಸಂಗತಿಯೊಂದು ಆಗ ಹೊರಬಂತು. ಎರಡೂವರೆ ವರ್ಷದ ಹಿಂದೆ ಅವರ ಬೆನ್ನು ಕೆಟ್ಟಿತು. ಬಸ್ಸು ಹತ್ತಬಾರದು ಎಂದು ಡಾಕ್ಟರು ಹೇಳಿದರು. ರವಿವಾರದ ಕಮಲಾಪುರ ನಿಂತಿದ್ದು ಜಗಳದಿಂದಲ್ಲ, ಅದಕ್ಕೂ ಎಷ್ಟೋ ಮೊದಲು. ನಾನೇ ಬರುತ್ತೇನೆ ಎಂದು ಕಾಕಾ ಹೊರಟರಂತೆ. ಉಸ್ತಾದರೇ ಬೇಡವೆಂದರಂತೆ. ಹೊಸ ಆಟ ಬರುತ್ತಿದೆ, ಅದರಲ್ಲಿ ಎಲ್ಲಿದ್ದವರೂ ಒಂದೇ ಕಡೆ ಕೂಡಬಹುದು ಎಂದು ಹೇಳಿದ್ದಾರೆ, ನೀವು ಅಲ್ಲಿಂದ, ನಾನು ಇಲ್ಲಿಂದ, ಅಲ್ಲೇ ಸಿಗೋಣ ಎಂದು.

“ಆಟ ಬಂದ ವಾರ ಒಂದ ಸಂಜೀಗೆ ಫೋನ್ ಕಿವಿಗೆ ಹಚ್ಚಿಕೊಂಡು ಇಬ್ಬರೂ ಒಂದೇ ಗ್ರಹಕ್ಕ ಹೋದ್ವಿ ಬೇಟಿ,” ಎಂದರು ಉಸ್ತಾದರು. “ಅದೇ ಗುಡ್ಡ, ಅದೇ ಹಳದಿ ಗಿಡ. ಗಿಡದ ಬುಡಕ ನಿಂತೀನಿ ಅಂದ್ರು ಮಾಸ್ತರು. ನಾನೂ ಅಲ್ಲೇ ನಿಂತಿದ್ದೆ. ಅವರು ನನಗ ಕಾಣಲಿಲ್ಲ, ನಾ ಅವರಿಗೆ ಕಾಣಲಿಲ್ಲ.”

ಆಟದವರು ಕೊಟ್ಟ ಮಾತಿನಲ್ಲಿ ಅದೊಂದು ಬಿಟ್ಟುಹೋಗಿತ್ತು. ಅಲ್ಲಿ ಎಲ್ಲರೂ ಒಬ್ಬೊಬ್ಬರೇ. ಉಸ್ತಾದರು ಆ ಒಂದು ಸಂಜೆ ಇಪ್ಪತ್ತು ಗ್ರಹ ಸುತ್ತಿದ್ದರು. ಬೇರೆ ಯಾವುದಾದರೂ ಗ್ರಹದಲ್ಲಿ ಕಾಣಬಹುದೇನೋ ಎಂದು ಕಾಕಾರನ್ನು ಹಿಂದೆ ಬರಲು ಹೇಳಿ, ಒಂದೊಂದರಲ್ಲೂ ನಿಂತು ನೋಡಿದ್ದರು.

“ಮಾಸ್ತರು ಏನಂದ್ರು ಗೊತ್ತೇನು? ಕಾಣದಿದ್ರ ಏನಾತು ಉಸ್ತಾದ್, ಇಬ್ಬರೂ ಇಲ್ಲೇ ಅದೀವಲ್ಲ ಅಂದ್ರು. ನನಗ ಅದಕ್ಕೇ ಸಿಟ್ಟು ಬಂತು. ಎರಡ ವರ್ಷ ನಾ ಕಾದದ್ದು ಗಿಡ ನೋಡಾಕಲ್ಲ.”

ಕಲಬುರಗಿಯಿಂದ ಕಮಲಾಪುರಕ್ಕೆ ಬಸ್ಸಿನಲ್ಲಿ ಒಂದು ತಾಸು. ಒಬ್ಬರ ಮುಖ ಒಬ್ಬರು ನೋಡಲು ಈ ಇಬ್ಬರು ಒಂದು ನಕ್ಷತ್ರಲೋಕ ಕಟ್ಟಿ ಮುಗಿಯಲಿ ಎಂದು ಕಾದಿದ್ದರು!

ಮಧ್ಯಾಹ್ನದ ಬಸ್ಸಿಗೇ ನಾನು ಕಮಲಾಪುರಕ್ಕೆ ಹೋದೆ. ಕಾಕಾ ಅರವತ್ತೆರಡನೆಯ ಗ್ರಹದಲ್ಲಿದ್ದರು. ನಡೆಯುತ್ತಲೇ ನನ್ನ ಮಾತು ಕೇಳಿದರು. ನಡುವೆ ಎಲ್ಲೋ ನಿಂತುಬಿಟ್ಟರು. ನಾನು ಮುಗಿಸಿದ ಮೇಲೆ ಒಂದೇ ಪ್ರಶ್ನೆ ಕೇಳಿದರು.

“ಬೆನ್ನು ಈಗ ಹ್ಯಾಂಗ ಅದಂತ?”

ನಾನು ಅದನ್ನು ಕೇಳಿರಲಿಲ್ಲ. ಪಟ್ಟಿ ಕಟ್ಟಿಕೊಂಡಿದ್ದರು ಎಂದಷ್ಟೇ ಹೇಳಿದೆ. ಕಾಕಾ ಕಂಪ್ಯೂಟರ್ ಆರಿಸಿ, ಒಳಗೆ ಹೋಗಿ ತಮ್ಮ ಇಸ್ತ್ರಿಯ ಅಂಗಿ ಎಲ್ಲಿದೆ ಎಂದು ಚಿಗವ್ವನನ್ನು ಕೇಳಿದರು.

ಮರುದಿನ ರವಿವಾರ. ಚಿಗವ್ವ ಕಟ್ಟಿಕೊಟ್ಟ ರೊಟ್ಟಿ ಎಣಗಾಯಿಯ ಬುತ್ತಿ ಹಿಡಿದು ನಾವಿಬ್ಬರೂ ಸೂಪರ್ ಮಾರ್ಕೆಟ್ಟಿನಲ್ಲಿ ಇಳಿದೆವು. ಆಟೋಗಳ ನಡುವೆ ಕಾಕಾ ನನಗಿಂತ ಮುಂದೆ ನಡೆದರು. ನಾನು ಬೆಳಗ್ಗೆಯೇ ಫೋನ್ ಮಾಡಿದ್ದರಿಂದ ಉಸ್ತಾದರು ಅಂಗಡಿ ತೆರೆದಿದ್ದರು. ಬಾಗಿಲಲ್ಲಿ ಕಾಕಾರನ್ನು ಕಂಡೊಡನೆ ಏಳಲು ಹೋದರು, ಬೆನ್ನು ಬಿಡಲಿಲ್ಲ. ಕಾಕಾ ಎರಡೇ ಹೆಜ್ಜೆಗೆ ಒಳಗೆ ಹೋಗಿ ಅವರ ಹೆಗಲು ಹಿಡಿದು ಕೂಡಿಸಿದರು. ನಾನು ಪಾತ್ರೆ ಅಂಗಡಿಯ ಕಡೆ ನೋಡುತ್ತ ನಿಂತೆ.

“ಆ ಹಾಳಿ ಮಾತು ನಾ ಬರೀಬಾರದಾಗಿತ್ತು ಮಾಸ್ತರ. ಮರುದಿನಾನ ಅಳಿಸೀನಿ, ನೀವು ನೋಡಿಲ್ಲ,” ಎಂದರು ಉಸ್ತಾದರು.

“ನಾನೂ ಎರಡ ವರ್ಷದ ಹಿಂದನ ಬಸ್ ಹತ್ತಬೇಕಾಗಿತ್ತು,” ಎಂದರು ಕಾಕಾ.

ಆಟದ ವಿಷಯದಲ್ಲಿ ಮಾತ್ರ ಇಬ್ಬರೂ ಒಂದಿಂಚು ಸರಿಯಲಿಲ್ಲ. ಅದು ಧೋಕಾ ಎಂದೇ ಉಸ್ತಾದರು, ಅದು ನೆಮ್ಮದಿ ಎಂದೇ ಕಾಕಾ. ವಾದ ಮಾಡುತ್ತಲೇ ಬುತ್ತಿ ಬಿಚ್ಚಿ ಉಂಡರು. ಕೈ ತೊಳೆದ ಮೇಲೆ, ಬೇಕಾದರೆ ತೋರಿಸುತ್ತೇನೆ ಎಂದು ಕಾಕಾ ಸವಾಲು ಹಾಕಿದರು. ಉಸ್ತಾದರು ತಮ್ಮ ಕಂಪ್ಯೂಟರಿನಲ್ಲಿ ಆಟ ಹಚ್ಚಿದರು. ಕುರ್ಚಿಗೆ ಒತ್ತಿ ಒಂದು ಸ್ಟೂಲು ಹಾಕಿದರು. ಕೀಬೋರ್ಡಿನ ಮೇಲೆ ಕಾಕಾರ ಎಡಗೈ, ಅದರಿಂದ ಮನುಷ್ಯ ನಡೆಯುತ್ತಾನೆ. ಮೌಸಿನ ಮೇಲೆ ಉಸ್ತಾದರ ಬಲಗೈ, ಅದು ತಿರುಗಿದ ಕಡೆ ಅವನು ನೋಡುತ್ತಾನೆ. ಮೊದಲಿಗೆ ಒಬ್ಬರು ಒಂದು ಕಡೆ, ಇನ್ನೊಬ್ಬರು ಇನ್ನೊಂದು ಕಡೆ ಎಳೆದು ಅವನನ್ನು ಎರಡು ಸಲ ಹಳ್ಳಕ್ಕೆ ಕೆಡವಿದರು. ಆಮೇಲೆ ಹದಕ್ಕೆ ಬಂತು. ತೆರೆಯ ಮೇಲೆ ಯಾವುದೋ ಕೆಂಪು ಬಯಲಿನಲ್ಲಿ ಒಬ್ಬನೇ ಮನುಷ್ಯ ದೂರದ ಗುಡ್ಡದ ಕಡೆ ಹೊರಟಿದ್ದ.

“ಸಾವಕಾಶ ನಡೀರಿ ಮಾಸ್ತರ,” ಎಂದರು ಉಸ್ತಾದರು. “ನಾ ಇನ್ನೂ ನೋಡಾಕತ್ತೀನಿ.”