ಬಿಷಪ್ಪರಿಗೂ ಆಬ್ಸೆಂಟ್

ತಡವಾಗಿ ಬರುವವರನ್ನು ಕಂಡರೆ ನನಗಾಗುವುದಿಲ್ಲ. ಭದ್ರಾವತಿಯ ಕಾರ್ಖಾನೆಯೊಂದರ ಟೈಂ ಆಫೀಸಿನಲ್ಲಿ ಮೂವತ್ತು ವರ್ಷ ಕೂತವನು ನಾನು. ಸೈರನ್ ನಿಂತ ಮೇಲೆ ಗೇಟು ದಾಟಿದವನು ಸ್ವಂತ ಭಾವನಾದರೂ ಹೆಸರಿನ ಮುಂದೆ ಕೆಂಪು ಗೆರೆ ಎಳೆದಿದ್ದೇನೆ. ಆತ ಇಂದಿಗೂ ನಮ್ಮ ಮನೆಯಲ್ಲಿ ಕಾಫಿ ಮುಟ್ಟುವುದಿಲ್ಲ. ನಿವೃತ್ತನಾದ ಮೇಲೆ ಅದೇ ಕೆಂಪು ಪೆನ್ನು ಹಿಡಿದು ನಮ್ಮ ಆಂಗ್ಲಿಕನ್ ಚರ್ಚಿನ ಸಭೆಗೆ ಕಾರ್ಯದರ್ಶಿಯಾದೆ.

ನಾನು ಮನಸಾರೆ ಮೆಚ್ಚುವ ಹುದ್ದೆ ಏರಿಯಾ ಬಿಷಪ್ಪರದು. ದೀಕ್ಷಾಸ್ನಾನವಾದವರನ್ನು ಸಭೆಯ ಪೂರ್ಣ ಸದಸ್ಯರಾಗಿಸುವ ದೃಢೀಕರಣಕ್ಕೆ ಬಿಷಪ್ಪರೇ ತಲೆಯ ಮೇಲೆ ಕೈಯಿಡಬೇಕು. ಅದಾಗದೆ ನಮ್ಮಲ್ಲಿ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸಕ್ಕೆ ಕೈಯೊಡ್ಡುವಂತಿಲ್ಲ. ಹಿಂದೆ ಒಬ್ಬರೇ ಬಿಷಪ್ಪರು ಎಷ್ಟೋ ಜಿಲ್ಲೆ ಸುತ್ತಬೇಕಿತ್ತು. ಅವರು ಬರುವಷ್ಟರಲ್ಲಿ ಹೆಸರು ಕೊಟ್ಟ ಹುಡುಗರಿಗೆ ಮೀಸೆ ಬಂದು, ಮದುವೆಯೂ ಗೊತ್ತಾಗಿರುತ್ತಿತ್ತಂತೆ, ನಮ್ಮಪ್ಪ ಹೇಳುತ್ತಿದ್ದರು. ಅದಕ್ಕೇ ದೊಡ್ಡ ಬಿಷಪ್ಪರ ಕೈಕೆಳಗೆ, ಒಂದು ಭಾಗದ ಸಭೆಗಳನ್ನು ನೋಡಿಕೊಳ್ಳಲು ಇನ್ನೊಬ್ಬರನ್ನು, ಅಂದರೆ ಏರಿಯಾ ಬಿಷಪ್ಪರನ್ನು, ನೇಮಿಸಿದರು. ನಮ್ಮವರ ಆಫೀಸು ಶಿವಮೊಗ್ಗದಲ್ಲಿ, ಎರಡೇ ಕೋಣೆ. ಅವರು ಅಲ್ಲಿ ಸಿಕ್ಕಿದರೆ ನಿಮ್ಮ ಅದೃಷ್ಟ. ಯಾವಾಗಲೂ ಯಾರದೋ ಮನೆಬಾಗಿಲಲ್ಲಿರುತ್ತಾರೆ.

ಈ ಸಲ ದೃಢೀಕರಣಕ್ಕೆ ಮುಂಚೆ ಎಂಟು ಶನಿವಾರ ಬೈಬಲ್ಲಿನ ಹತ್ತು ಆಜ್ಞೆ, ಪ್ರಾರ್ಥನೆಗಳ ಪಾಠವಿತ್ತು. ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವ ಅರವತ್ತರ ಮರಿಯಮ್ಮ ಎಂಟೂ ಸಲ ಅರ್ಧ ಗಂಟೆ ತಡ. ನಾನೂ ಎಂಟು ಸಲ ಆಬ್ಸೆಂಟ್ ಹಾಕಿ, ಪಟ್ಟಿಯಿಂದ ಹೆಸರು ತೆಗೆದೆ.

“ಏನ್ ಸಾರ್, ದೇವರ ಹತ್ರಾನೂ ಪಂಚಿಂಗ್ ಕಾರ್ಡಾ?” ಎಂದು ನಕ್ಕಳು. ಕಣ್ಣು ಮಾತ್ರ ತುಂಬಿತ್ತು.

ದೃಢೀಕರಣದ ಭಾನುವಾರ ಒಂಬತ್ತಕ್ಕೆ ಆರಾಧನೆ. ಒಂಬತ್ತಾಯಿತು, ಒಂಬತ್ತೂವರೆಯಾಯಿತು, ಬಿಷಪ್ಪರಿಲ್ಲ. ನಿಮಿಷ ನಿಮಿಷಕ್ಕೂ ಬರೆದಿದ್ದ ನನ್ನ ಕಾರ್ಯಕ್ರಮಪಟ್ಟಿ ಕೈಯಲ್ಲೇ ಬೆವರಿನಿಂದ ಒದ್ದೆಯಾಯಿತು. ಹತ್ತೂಕಾಲಿಗೆ ಕಾರು ಬಂತು.

“ಬರೋ ದಾರೀಲಿ ಆಸ್ಪತ್ರೆಗೆ ಹೋಗಿದ್ದೆ. ಅಲ್ಲೊಬ್ರು ಅಜ್ಜ ಕೈ ಬಿಡಲೇ ಇಲ್ಲ. ಕ್ಷಮಿಸಿ, ಕಾರ್ಯದರ್ಶಿಗಳೇ.”

ಹಿಂದಿನ ಬೆಂಚಿನಿಂದ ಮರಿಯಮ್ಮನ ದನಿ: “ಅಯ್ಯನವರಿಗೂ ಆಬ್ಸೆಂಟ್ ಹಾಕಿ ಸಾರ್!”

ಸಭೆ ಘೊಳ್ಳೆಂದಿತು. ಬಿಷಪ್ಪರು ಏನೆಂದು ಕೇಳಿದರು, ವಿಧಿಯಿಲ್ಲದೆ ಹೇಳಿದೆ. ಅವರು ಮರಿಯಮ್ಮನತ್ತ ತಿರುಗಿ, “ಹತ್ತು ಆಜ್ಞೆ ಬರುತ್ತಾ, ಅಮ್ಮಾ?” ಎಂದರು. ಒಂದೇ ಉಸಿರಿಗೆ ಒಪ್ಪಿಸಿ, “ಪಾತ್ರೆ ಉಜ್ಜುತಾ ಕಲಿತೆ, ಅಯ್ಯಾ” ಎಂದಳು.

“ಇವರ ಹೆಸರು ಬರ್ಕೊಳ್ಳಿ. ನನ್ನ ಆಬ್ಸೆಂಟ್ ಬೇಕಾದ್ರೆ ಹಾಗೇ ಇರಲಿ.”

ಆ ನರೆತಲೆಯ ಮೇಲೆ ಬಿಷಪ್ಪರ ಕೈ ಇಳಿದಾಗ ನಾನು ಗಡಿಯಾರ ನೋಡುವುದನ್ನೇ ಮರೆತೆ.

ಆಮೇಲೆ ದಾಖಲೆ ಪುಸ್ತಕ ತೆರೆದೆ. ‘ಬಿಷಪ್ಪರು ಬಂದ ಸಮಯ’ ಎಂಬ ಕಾಲಂ ನಾನೇ ಹಾಕಿಸಿದ್ದು. ಅದರಲ್ಲಿ ‘ಒಂಬತ್ತು ಗಂಟೆ’ ಎಂದು ಬರೆದು ಮುಚ್ಚಿದೆ. ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆಯನ್ನು ಮರಿಯಮ್ಮ ಅದೇ ಬೆಳಿಗ್ಗೆ ನನ್ನೆದುರೇ ಒಪ್ಪಿಸಿದ್ದಳು. ಆದರೆ ಆ ಶನಿವಾರದ ಪಾಠಗಳಿಗೆ ನಾನು ಹೋಗಿದ್ದು ಬರೀ ಹಾಜರಿ ಹಾಕಲು.