ಮಾತಾಡುವ ಪೆಟ್ಟಿಗೆಗೆ ನಾನು ತೀರ್ಪುಗಾರನಾದದ್ದು

ಧ್ವನಿಯ ವಿಷಯದಲ್ಲಿ ನನ್ನ ತೀರ್ಪನ್ನು ಹೊಸಪೇಟೆಯಲ್ಲಿ ಯಾರೂ ಪ್ರಶ್ನಿಸಿದ್ದಿಲ್ಲ. ಇಂಗ್ಲಿಷ್ ಮೇಷ್ಟ್ರಾಗಿ ನಿವೃತ್ತನಾಗುವವರೆಗೂ ತಾಲ್ಲೂಕಿನ ಭಾಷಣ ಸ್ಪರ್ಧೆಗಳಿಗೆಲ್ಲ ನಾನೇ ತೀರ್ಪುಗಾರ. ಗಂಟಲು ಕೆರೆದುಕೊಂಡವನಿಗೆ ಒಂದು ಅಂಕ ಕಡಿಮೆ, ಅವಸರ ಮಾಡಿದವನಿಗೆ ಎರಡು. ಆದ್ದರಿಂದ ನನ್ನ ಹೆಂಡತಿಯ ತಮ್ಮ ಬಸವರಾಜನಿಗೆ ಮಾತಾಡುವ ಪೆಟ್ಟಿಗೆ ಕೊಳ್ಳುವ ಪ್ರಸಂಗ ಬಂದಾಗ ಆಯ್ಕೆ ಸಮಿತಿಗೆ ನಾನು ಅಧ್ಯಕ್ಷನಾದದ್ದು ಸಹಜ. ನೇಮಿಸಿದವನೂ ನಾನೇ.

ಬಸಣ್ಣ ಸಂಡೂರಿನ ಒಂದು ಗಣಿ ಕಂಪನಿಯಲ್ಲಿ ಗುಮಾಸ್ತ. ಅದಿರಿನ ಲಾರಿಗಳಿಗೆ ಚೀಟಿ ಟೈಪ್ ಮಾಡುವುದು ಅವನ ಕೆಲಸ. ಕಾಯಿಲೆಯಿಂದ ಎರಡು ವರ್ಷದಲ್ಲಿ ಅವನ ದೃಷ್ಟಿ ಪೂರ್ತಿ ಹೋಗಿತ್ತು. ಬೆರಳುಗಳಿಗೆ ಕೀಲಿಗಳು ಈಗಲೂ ಗೊತ್ತು. ಹೊಡೆದದ್ದು ಸರಿಯೋ ತಪ್ಪೋ ಎಂದು ಓದಿಕೊಳ್ಳುವುದೇ ತೊಂದರೆ. ಆ ಕಾಲಕ್ಕೆ ಇದಕ್ಕೊಂದು ಯಂತ್ರ ಬಂದಿತ್ತು. ರೇಡಿಯೋದಂಥ ಪೆಟ್ಟಿಗೆ, ಕಂಪ್ಯೂಟರಿಗೆ ತಂತಿ ಜೋಡಿಸಿದರೆ ಪರದೆಯ ಮೇಲಿನ ಇಂಗ್ಲಿಷನ್ನು ಗಟ್ಟಿಯಾಗಿ ಓದುತ್ತದೆ.

ಅವನ ಮ್ಯಾನೇಜರ್ ಸಾಹೇಬರು ಒಳ್ಳೆಯ ಮನುಷ್ಯರು. "ಸೋಮವಾರ ಆ ಪೆಟ್ಟಿಗಿ ತಂದು ನನ್ನ ಎದುರಿಗೆ ಹತ್ತು ಚೀಟಿ ತಪ್ಪಿಲ್ದಂಗ ಮಾಡಿ ತೋರ್ಸು. ಕೆಲಸ ನಿಂದು. ಇಲ್ಲಾಂದ್ರ ನನ್ನ ಕೈಯಾಗ ಏನೂ ಇಲ್ಲಪ್ಪಾ" ಎಂದಿದ್ದರು.

ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಅಂಥ ಪೆಟ್ಟಿಗೆಗಳಿವೆ ಎಂದು ತಿಳಿಯಿತು.

"ಮಾಮಾ, ನಾನೂ ಬರ್ತೀನಿ" ಎಂದ ಬಸಣ್ಣ.

"ನೀನ್ಯಾಕ ತ್ರಾಸ ತಗೋತಿ? ನಾನು ಕಣ್ಣಾರೆ ನೋಡಿ ತರ್ತೀನಿ."

ಕಿವಿಗೆ ಬೇಕಾದ ವಸ್ತುವನ್ನು ಕಣ್ಣಾರೆ ನೋಡಿ ತರುವುದರಲ್ಲಿ ನನಗೆ ಆಗ ಯಾವ ದೋಷವೂ ಕಾಣಲಿಲ್ಲ.

ಬುಧವಾರ ಹೊರಟೆ. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟಿರುವ ಗೆಳೆಯ ಶರಣಪ್ಪ ಸಮಿತಿಯ ಏಕೈಕ ಸದಸ್ಯನಾಗಿ ಜೊತೆಗೆ ಬಂದ. ಅಂಗಡಿಯಲ್ಲಿ ಇದ್ದದ್ದು ಎರಡೇ ಪೆಟ್ಟಿಗೆ. ಅಂಗಡಿಯವ ಕಂಪ್ಯೂಟರಿನಲ್ಲಿ ಒಂದು ಪುಟ ತೆರೆದು ಎರಡರಿಂದಲೂ ಓದಿಸಿದ.

ಮೊದಲನೆಯದು ಅಂಗೈಯಗಲದ್ದು. ಡಬ್ಬಿಯೊಳಗೆ ಕಲ್ಲು ಹಾಕಿ ಅಲ್ಲಾಡಿಸಿದಂಥ ದನಿ, ಅದೂ ಮೂಗಿನಿಂದ. ಮೇಲಾಗಿ ವಿಪರೀತ ಅವಸರ. ಅಲ್ಲಿಯೇ ಮೂರು ಅಂಕ ಕಳೆದೆ. ಎರಡನೆಯದು ದೊಡ್ಡದು, ಕರಿ ಮೈ, ಬೆಳ್ಳಿ ಬಣ್ಣದ ಗುಂಡಿಗಳು. ಗಂಭೀರವಾದ ಗಂಡು ದನಿ. ಪ್ರತಿ ವಾಕ್ಯದ ಕೊನೆಗೆ ಹಾರ ಹಾಕಿಸಿಕೊಂಡವರಂತೆ ಒಂದು ಕ್ಷಣ ಮೌನ. ಅದು ಓದಿದ್ದರಲ್ಲಿ ಒಂದಕ್ಷರವೂ ನನಗೆ ತಪ್ಪಲಿಲ್ಲ.

ಶರಣಪ್ಪ ಎರಡನ್ನೂ ಕೈಯಲ್ಲಿ ಎತ್ತಿ ನೋಡಿದ. "ಇದು ತೂಕ ಐತಿ ನೋಡ್ರಿ ಮೇಷ್ಟ್ರ. ಒಳಗ ಮಾಲು ಐತಿ."

"ಬಳಸೋರು ಬಂದಿದ್ರ ಚೊಲೊ ಇತ್ತು ಸರ್" ಎಂದ ಅಂಗಡಿಯವ. "ಕಣ್ಣು ಕಾಣದೋರು ಹೆಚ್ಚಾಗಿ ಆ ಸಣ್ಣದನ್ನ ಒಯ್ತಾರ."

ಅವನ ಅಭಿರುಚಿಯ ಬಗ್ಗೆ ನನಗೆ ಮರುಕವಾಯಿತು. ದೊಡ್ಡದನ್ನು ಕಟ್ಟಿಸಿಕೊಂಡು ಬಂದೆ.

ಅಭ್ಯಾಸಕ್ಕೆಂದು ಆಫೀಸಿನವರು ಕೊಟ್ಟಿದ್ದ ಕಂಪ್ಯೂಟರು ನಮ್ಮ ಪಡಸಾಲೆಯಲ್ಲಿತ್ತು. ಗುರುವಾರ ಬೆಳಿಗ್ಗೆ ನನ್ನಾಕೆ ಗಂಗಮ್ಮ ಪೆಟ್ಟಿಗೆಗೆ ಕುಂಕುಮವಿಟ್ಟು ಊದಿನಕಡ್ಡಿ ಬೆಳಗಿದಳು. ಬಸಣ್ಣ ಒಂದು ಚೀಟಿ ಹೊಡೆದ. ಪೆಟ್ಟಿಗೆ ಬಾಯಿ ತೆರೆಯಿತು.

"ಏನಂತೈತಿ ಮಾಮಾ?"

"ಯಶವಂತನಗರದ ಲೋಡಿಂಗ್ ಚೀಟಿ ಅಂತೈತಿ. ಎಷ್ಟು ಸ್ಪಷ್ಟ ಐತಲ್ಲ."

"ನನಗ ಬಾಯಾಗ ಹೋಳಿಗಿ ಇಟ್ಕೊಂಡು ಮಾತಾಡಿದಂಗ ಕೇಳ್ತೈತಿ."

"ಕಿವಿಗೆ ರೂಢಿ ಆಗಬೇಕು" ಎಂದು ತೀರ್ಪಿತ್ತೆ.

ರೂಢಿ ಆಗಲಿಲ್ಲ. ಬಸಣ್ಣ ಒಂದು ಅಕ್ಷರ ಒತ್ತಿದರೆ ಪೆಟ್ಟಿಗೆ ಆಲೋಚಿಸಿ, ಸಿದ್ಧವಾಗಿ, ಆಮೇಲೆ ಉಚ್ಚರಿಸುತ್ತಿತ್ತು. ಅಷ್ಟರಲ್ಲಿ ಅವನ ಬೆರಳು ಮುಂದಿನ ಸಾಲಿನಲ್ಲಿರುತ್ತಿತ್ತು. ಸಾಕು ಎಂದು ಗುಂಡಿ ಒತ್ತಿದರೂ ವಾಕ್ಯ ಮುಗಿಸದೆ ನಿಲ್ಲುತ್ತಿರಲಿಲ್ಲ. ಗಂಟೆ ಬಾರಿಸಿದ ಮೇಲೂ ವೇದಿಕೆ ಬಿಡದ ಭಾಷಣಕಾರರನ್ನು ನಾನು ಬಹಳ ಕಂಡಿದ್ದೇನೆ. ಇದೊಂದಕ್ಕೆ ಮಾತ್ರ ನಾನೇ ಬಹುಮಾನ ಕೊಟ್ಟು ಮನೆಗೆ ಕರೆತಂದಿದ್ದೆ. ವೇಗದ ಗುಂಡಿ ತಿರುಗಿಸಿದರೆ ಅರ್ಧಕ್ಕರ್ಧ ಪದಗಳನ್ನು ನುಂಗಿಬಿಡುತ್ತಿತ್ತು.

ಸಂಜೆಗೆ ಆದದ್ದು ಎರಡೇ ಚೀಟಿ. ಎರಡರಲ್ಲೂ ತಪ್ಪು. ಬಸಣ್ಣ ತೊಡೆಯ ಮೇಲೆ ಬೆರಳು ಬಡಿಯುತ್ತ ಕುಳಿತ. ನಾನು ಪಡಸಾಲೆಯಿಂದ ಅಂಗಳಕ್ಕೆ, ಅಂಗಳದಿಂದ ಪಡಸಾಲೆಗೆ ತಿರುಗಿದೆ. ಸೋಮವಾರ ಮಾತ್ರ ಯಾರಿಗೂ ಕಾಯದೆ ಬರುತ್ತಿತ್ತು.

ಶುಕ್ರವಾರ ಬೆಳಿಗ್ಗೆಯೂ ನಾನು "ಇಷ್ಟು ಸ್ಪಷ್ಟವಾಗಿ ಹೇಳಾಕತ್ತೈತಿ, ನಿನಗ್ಯಾಕ ತಿಳಿವಲ್ದು?" ಎನ್ನುತ್ತಿದ್ದೆ. ಗಂಗಮ್ಮ ಅಡುಗೆಮನೆಯಿಂದ ಬಂದಳು. ನನ್ನ ಹೆಗಲ ಮೇಲಿನ ಟವೆಲ್ ಎಳೆದು ಕಂಪ್ಯೂಟರಿನ ಪರದೆಯ ಮೇಲೆ ಹೊದಿಸಿದಳು.

"ಬಸ್ಯಾ, ಏನರ ಹೊಡಿ. ರೀ, ಈಗ ಹೇಳ್ರಿ. ಏನಂತು?"

ಪೆಟ್ಟಿಗೆ ಗಂಭೀರವಾಗಿ ನುಡಿಯಿತು.

"ಇನ್ನೊಂದ್ಸಲ" ಎಂದೆ.

ಇನ್ನೊಂದು ಸಲ ನುಡಿಯಿತು. ಹಾರ ಹಾಕಿಸಿಕೊಳ್ಳುವ ಮೌನವೊಂದನ್ನು ಬಿಟ್ಟರೆ ನನಗೆ ಏನೂ ತಿಳಿಯಲಿಲ್ಲ. ಟವೆಲ್ ಸರಿಸಿ ನೋಡಿದೆ. ನನ್ನದೇ ಹೆಸರು, ನನ್ನದೇ ಮನೆಯ ವಿಳಾಸ.

ಅಂಗಡಿಯಲ್ಲಿ ನಾನು ಕೇಳಿಯೇ ಇರಲಿಲ್ಲ. ಓದಿದ್ದೆ.

"ನೋಡಪಾ, ಉತ್ತರ ಮುಂದಿಟ್ಕೊಂಡು ಪಾಸಾಗ್ಯಾರ" ಎಂದಳು ಗಂಗಮ್ಮ. "ಇವ್ರು ಮೂವತ್ತು ವರ್ಷ ಕಾಪಿ ಹೊಡಿಯೋರನ್ನ ಹಿಡಿದೋರು."

ಬಸಣ್ಣ ಎರಡು ದಿನದಲ್ಲಿ ಮೊದಲ ಸಲ ನಕ್ಕ. ಆಮೇಲೆ ಮೆಲ್ಲಗೆ ಕೇಳಿದ: "ಮಾಮಾ, ಆ ಸಣ್ಣದು ಇನ್ನೂ ಐತೇನು?"

ಅದು ನನಗೆ ಗೊತ್ತಿರಲಿಲ್ಲ. ಅಂಗಡಿಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಶನಿವಾರ ಮೊದಲ ರೈಲಿಗೆ ಹೊರಟೆ, ಈ ಸಲ ಬಸಣ್ಣನೊಂದಿಗೆ. ಆ ರೈಲು ದಾರಿಯ ಪ್ರತಿಯೊಂದು ಊರನ್ನೂ ಮಾತಾಡಿಸಿಕೊಂಡು ಹೋಯಿತು. ಪ್ರತಿ ನಿಲ್ದಾಣದಲ್ಲೂ ನಾನು ಎದ್ದು ಬಾಗಿಲಿಗೆ ಹೋಗಿ, ರೈಲು ಹೊರಟ ಮೇಲೆ ಬಂದು ಕೂರುತ್ತಿದ್ದೆ. ಇದರಿಂದ ರೈಲಿಗೆ ಏನೂ ಪ್ರಯೋಜನವಾಗಲಿಲ್ಲ.

ಸಣ್ಣ ಪೆಟ್ಟಿಗೆ ಇನ್ನೂ ಇತ್ತು. ಯಾರೋ ಸಂಜೆಗೆ ಬಂದು ಒಯ್ಯುವವರಿದ್ದರಂತೆ. ಅಂಗಡಿಯವ ನನ್ನ ಮುಖ ನೋಡಿ, ಏನೂ ಕೇಳದೆ, ಬದಲಿ ಕೊಡಲು ಒಪ್ಪಿದ.

ಬಸಣ್ಣ ಕಿವಿಗೊಟ್ಟು ಕುಳಿತ. "ಇನ್ನೂ ಜೋರು ಓಡಿಸ್ರಿ... ಇನ್ನೂ." ಕೊನೆಗೆ ಅದು ಅರಳು ಹುರಿದ ಸದ್ದಾಯಿತು. ಅವನು ಒಂದು ಕೀಲಿ ಒತ್ತಿದ. ಪೆಟ್ಟಿಗೆ ಅಕ್ಷರದ ನಡುವೆಯೇ ಬಾಯಿ ಮುಚ್ಚಿತು.

"ಸುಮ್ಮನಿರು ಅಂದ ಕೂಡ್ಲೆ ಸುಮ್ಮನಾಗ್ತೈತಿ. ಇದನ್ನ ಕೊಡ್ರಿ."

ನನಗೆಂದು ಹೇಳಿ ಕಳಿಸಿದ್ದ ಚಹಾ ಇನ್ನೂ ಬಂದಿರಲಿಲ್ಲ.

ಸೋಮವಾರ ಸಂಡೂರಿನ ದಾರಿ ತುಂಬ ಅದಿರಿನ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಆಫೀಸು ಮುಟ್ಟುವಾಗ ಅದಿರಿನ ಧೂಳಿಗೆ ಇಬ್ಬರೂ ಕೆಂಪಗಾಗಿದ್ದೆವು. ಸಾಹೇಬರು ಒಂದೊಂದೇ ಲಾರಿಯ ವಿವರ ಬಾಯಲ್ಲಿ ಹೇಳಿದರು, ಬಸಣ್ಣ ಹೊಡೆದ, ಪೆಟ್ಟಿಗೆ ಪಟಪಟ ಸಿಡಿಯಿತು. ಏಳನೆಯದು ಮುಗಿಸಿದವನು ತಟ್ಟನೆ ಒಂದು ಸಾಲು ಹಿಂದಕ್ಕೆ ಹೋದ.

"ಲಾರಿ ನಂಬರ್ ಹಿಂದುಮುಂದು ಹೊಡೆದಿದ್ದೆ ಸರ್. ತಿದ್ದೀನಿ."

ಸಾಹೇಬರು ಬಗ್ಗಿ ಪರದೆ ನೋಡಿದರು. ಹತ್ತೂ ಮುಗಿದ ಮೇಲೆ, "ನಾಳಿಂದ ಟೈಮಿಗೆ ಸರಿಯಾಗಿ ಬಾ" ಎಂದರು. ಬಸಣ್ಣ ಎರಡೂ ಕೈ ಕೀಲಿಗಳ ಮೇಲೆ ಸುಮ್ಮನೆ ಇಟ್ಟುಕೊಂಡ.

"ಕುರೆಕುಪ್ಪದ ನಮ್ಮ ಆಫೀಸಿನ್ಯಾಗೂ ಕಣ್ಣು ಕಾಣದವನೊಬ್ಬ ಅದಾನ, ಅವಗೂ ಇಂಥದ್ದೊಂದು ಬೇಕು. ಆರಿಸಿದ್ದು ಯಾರು?" ಎಂದು ಸಾಹೇಬರು ಕೇಳಿದರು.

"ನಮ್ಮ ಮಾಮಾ ಸರ್."

ನಾನು ಅಂಗಿಯ ಕಾಲರ್ ಸರಿಮಾಡಿಕೊಂಡೆ.

"ಅಂಗಡ್ಯಾಗ ಎರಡಿದ್ವು" ಎಂದು ಬಸಣ್ಣ ಮುಂದುವರಿಸಿದ. "ಮಾಮಾ ಒಂದನ್ನ ಆರಿಸಿದ್ರು. ಅದನ್ನ ಬಿಟ್ಟು ಇನ್ನೊಂದನ್ನ ತಂದ್ವಿ."

ಸಾಹೇಬರು ನನ್ನನ್ನು ಗೌರವದಿಂದಲೇ ನೋಡಿದರು. "ಹಂಗಾದ್ರ ಮುಂದಿನ ಸಲಾನೂ ಮೇಷ್ಟ್ರನ್ನ ಕರಕೊಂಡ ಹೋಗು."

ನಿವೃತ್ತಿಯಾದ ಮೇಲೆ ನನಗೆ ಬಂದ ಏಕೈಕ ನೇಮಕಾತಿ ಅದು. ಒಪ್ಪಿಕೊಂಡೆ.